ಮುಂಜಿ ಪತ್ರಿಕೆಯ ಅಡ್ರೆಸ್ಸು

ಹನ್ನೆರಡನೇ ವಯಸ್ಸಿನಲ್ಲಿ ನನಗೆ ಎರಡು ಮನೆಗಳಿದ್ದವು. ಒಂದರಲ್ಲಿ ನನ್ನ ಹಾಸಿಗೆ, ಇನ್ನೊಂದರಲ್ಲಿ ನನ್ನ ಹೆಸರು. ಹಾಸಿಗೆ ಇದ್ದದ್ದು ಅಮೆರಿಕದ ಕ್ವೀನ್ಸಿನ ಒಂದು ದೊಡ್ಡ ರಸ್ತೆಯ ದಕ್ಷಿಣಕ್ಕೆ, ಆರಂತಸ್ತಿನ ಇಟ್ಟಿಗೆ ಕಟ್ಟಡದ ಎರಡನೇ ಮಹಡಿಯಲ್ಲಿ. ಹೆಸರು ಇದ್ದದ್ದು ಅದೇ ರಸ್ತೆಯ ಉತ್ತರಕ್ಕೆ, ಧಾರವಾಡದ ಅಂಕಲ್ ಒಬ್ಬರ ಅಂಚೆಪೆಟ್ಟಿಗೆಯ ಮೇಲೆ, ಗಾಯಕ್ಕೆ ಅಂಟಿಸುವ ಪಟ್ಟಿಯಂಥ ಬಿಳಿ ಟೇಪಿನ ತುಂಡಿನಲ್ಲಿ. ಈಗ ನಾವು ನಗರದ ಹೊರಗೆ, ಜೆರಿಕೋ ಎಂಬ ಅನುಕೂಲಸ್ಥರ ಊರಿನಲ್ಲಿದ್ದೇವೆ. ಹಾಸಿಗೆಯೂ ಹೆಸರೂ ಒಂದೇ ಸೂರಿನ ಕೆಳಗಿವೆ. ಯಾವ ಮನೆಯವರಿಗೆ ಯಾವ ಸ್ಕೂಲು ಎನ್ನುವ ಗೆರೆ ಇಲ್ಲಿಯೂ ಇದೆ. ಆದರೆ ಇಲ್ಲಿ ಗೆರೆ ದಾಟುವವರು ಮನೆಯನ್ನೇ ಕೊಂಡು ದಾಟುತ್ತಾರೆ; ಅವರನ್ನು ಯಾರೂ ಕಳ್ಳರೆನ್ನುವುದಿಲ್ಲ, ಕಂಗ್ರಾಜುಲೇಷನ್ಸ್ ಎನ್ನುತ್ತಾರೆ.

ಕ್ವೀನ್ಸಿನ ಗೆರೆ ಆ ದೊಡ್ಡ ರಸ್ತೆಯ ನಟ್ಟನಡುವೆ ಹಾದುಹೋಗಿತ್ತು. ಈ ಕಡೆಯ ಮಕ್ಕಳಿಗೆ ಒಂದು ಜೂನಿಯರ್ ಹೈಸ್ಕೂಲು, ಆ ಕಡೆಯವರಿಗೆ ಇನ್ನೊಂದು. ಎರಡೂ ಸರ್ಕಾರದ್ದೇ. ಎರಡರ ಮುಂದೆಯೂ ಒಂದೇ ಬಾವುಟ, ಒಳಗೆ ಒಂದೇ ಅಳತೆಯ ಹಾಲಿನ ಡಬ್ಬಿ. ಸಮಾನತೆ ಅಲ್ಲಿಗೆ ಮುಗಿಯಿತು. ಆ ಕಡೆಯ ಸ್ಕೂಲಿನಲ್ಲಿ ಲ್ಯಾಬಿತ್ತು, ಲ್ಯಾಬಿನಲ್ಲಿ ಮೈಕ್ರೋಸ್ಕೋಪಿತ್ತು. ಪಿಟೀಲನ್ನೋ ಕ್ಲಾರಿನೆಟ್ಟನ್ನೋ ಮಕ್ಕಳ ಕೈಗೆ ಕೊಟ್ಟು ಮನೆಗೆ ಒಯ್ದು ಕಲಿಯಿರಿ ಎನ್ನುತ್ತಿದ್ದರು. ನಮ್ಮ ಕಡೆಯದರಲ್ಲಿ ಒಡೆದ ಕಿಟಕಿಗೆ ಪ್ಲೈವುಡ್ ಹೊಡೆದಿತ್ತು. ಮಕ್ಕಳು ಹೆಚ್ಚಾದ್ದರಿಂದ ಸ್ಕೂಲು ಕಾರ್ಖಾನೆಯ ಹಾಗೆ ಎರಡು ಪಾಳಿಯಲ್ಲಿ ನಡೆಯುತ್ತಿತ್ತು. ಅಲ್ಲಿ ಮನೆಗೆ ಒಯ್ಯಲು ಸಿಗುತ್ತಿದ್ದದ್ದು ನೆಗಡಿ ಮಾತ್ರ.

ನಮ್ಮಪ್ಪ ಮೈಸೂರಿನ ಇಂಜಿನಿಯರು, ಒಂದು ಆಫೀಸಿನಲ್ಲಿ ಒಳಚರಂಡಿಯ ನಕ್ಷೆ ಬರೆಯುತ್ತಿದ್ದರು. ರಸ್ತೆ ಪೂರ್ತಿ ಖಾಲಿಯಿದ್ದರೂ ಕೆಂಪು ದೀಪವಿದ್ದರೆ ದಾಟದ ಮನುಷ್ಯ. ನನ್ನನ್ನು ಆ ಕಡೆಯ ಸ್ಕೂಲಿಗೆ ಸೇರಿಸುವ ದಿನ ಸುಳ್ಳು ಫಾರಂ ಕಂಕುಳಲ್ಲಿಟ್ಟುಕೊಂಡು ಅದೇ ರಸ್ತೆಯ ಅಂಚಿನಲ್ಲಿ ದೀಪ ಬದಲಾಗುವವರೆಗೂ ನೆಟ್ಟಗೆ ನಿಂತಿದ್ದರು.

“ಸುಳ್ಳಲ್ಲ ಕಣೋ ಇದು, ಅಡ್ಜಸ್ಟ್‌ಮೆಂಟು,” ಎಂದರು.

ಧಾರವಾಡದ ಅಂಕಲ್‌ಗಂತೂ ಅಷ್ಟು ಸಂಕೋಚವೂ ಇರಲಿಲ್ಲ. “ಇದರಾಗ ಏನದರೀ? ನಮ್ಮ ಮನಿ ಅಂದ್ರ ನಿಮ್ಮ ಮನಿ. ಹುಡುಗ ನಮ್ಮಲ್ಲೇ ಇರ್ತಾನ ಅಂತ ಬರದ್ ಕೊಡ್ತೀನಿ, ತಗೋರಿ. ನಿಮ್ಮ ಕಡೆ ಸಾಲಿಯೊಳಗ ಬರೇ ಅವರ ಹುಡುಗೂರರೀ.” ‘ಅವರು’ ಎಂದರೆ ಯಾರು ಎಂದು ಯಾರೂ ಕೇಳಲಿಲ್ಲ. ಹತ್ತು ವರ್ಷ ಈ ದೇಶದಲ್ಲಿದ್ದ ನಮ್ಮವರೆಲ್ಲ ಆ ಸರ್ವನಾಮವನ್ನು ವೀಸಾದ ಜೊತೆಗೇ ಪಡೆದಿದ್ದರು. ಅಂಕಲ್ ಹೋದಮೇಲೆ ನಾನು ಅವರ ಹಾಗೆಯೇ ಮೀಸೆ ತೀಡಿ “ಇದರಾಗ ಏನದರೀ” ಅಂದು ತೋರಿಸಿದೆ. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನಗೆ ಆಗ ಇದ್ದ ವಿದ್ಯೆ ಅದೊಂದೇ. ಈಗಲೂ ಅಷ್ಟೇ ಎಂದು ಅಪ್ಪ ಹೇಳುತ್ತಾರೆ.

ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ, ನಮ್ಮ ಸೂರಿನ ಮೇಲೇ, ಒಬ್ಬ ಕಪ್ಪು ಹುಡುಗಿಯಿದ್ದಳು. ಅವಳ ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. ಅವಳೂ ಆ ಕಡೆಯ ಸ್ಕೂಲಿಗೇ ಬರುತ್ತಿದ್ದಳು, ನನ್ನ ಕ್ಲಾಸಿಗೇ, ಗೆರೆಯಾಚೆಯ ತನ್ನ ಅಜ್ಜಿಯ ಅಡ್ರೆಸ್ಸು ಕೊಟ್ಟು. ವಾರಕ್ಕೆ ಮೂರು ದಿನ ಅವಳು ನಿಜವಾಗಿಯೂ ಅಜ್ಜಿಯ ಮನೆಯಲ್ಲಿ ಮಲಗುತ್ತಿದ್ದಳು. ನಾನು ಅಂಕಲ್ ಮನೆಯಲ್ಲಿ ಒಂದು ದಿನವೂ ಮಲಗಿದವನಲ್ಲ. ಸುಳ್ಳಿನ ಲೆಕ್ಕದಲ್ಲಿ ಅವಳದು ನನ್ನದರ ಅರ್ಧ. ಸ್ಕೂಲು ಅವಳ ಕೈಗೆ ಒಂದು ಕ್ಲಾರಿನೆಟ್ ಕೊಟ್ಟಿತ್ತು. ಸಂಜೆ ಹೊತ್ತು ನಮ್ಮ ಅಡುಗೆಮನೆಯ ಮೇಲ್ಗಡೆಯಿಂದ ಅದು ಕೇಳುತ್ತಿತ್ತು, ಮೊದಮೊದಲು ಬಾತುಕೋಳಿ ಅತ್ತ ಹಾಗೆ, ಚಳಿಗಾಲ ಮುಗಿಯುವ ಹೊತ್ತಿಗೆ ಒಲೆ ಮುಂದೆ ನಿಂತಿದ್ದ ಅಮ್ಮ ಸೌಟು ಹಿಡಿದೇ ಕಿವಿಗೊಡುವ ಹಾಗೆ.

ಗೆರೆ ದಾಟುವ ಕಲೆ ಕಲಿಸಿದವಳು ಅವಳೇ. “ಬೆಳಿಗ್ಗೆ ಬಂದು ನಮ್ಮ ಬೀದಿಗೆ ಫೈರ್ ಇಂಜಿನ್ ಬಂದಿದ್ದ ಕಥೆ ಹೇಳಬೇಡ, ಯಾವ ಬೀದಿ ಅಂತ ಕೇಳ್ತಾರೆ. ಅಡ್ರೆಸ್ ಕೇಳಿದರೆ ನೆಲ ನೋಡಬೇಡ. ಮತ್ತೆ, ಬಾಯಿ ಮುಚ್ಚಿಕೊಂಡಿರು. ನಿನಗೆ ಅದೊಂದು ಕಷ್ಟ.” ಅವಳು ಹೇಳಿದ್ದು ಇಂಗ್ಲಿಷಿನಲ್ಲಿ, ಕನ್ನಡಕ್ಕೆ ತಂದಾಗ ಅರ್ಧ ಖಾರ ಸೋರಿಹೋಗಿದೆ.

ಕಷ್ಟವೇ ಆಗಿತ್ತು. ಆ ಸ್ಕೂಲಿನ ಅಸಿಸ್ಟೆಂಟ್ ಪ್ರಿನ್ಸಿಪಾಲ್ ಸೊಂಟಕ್ಕೆ ಬೀಗದ ಕೈ ಗೊಂಚಲು ಕಟ್ಟಿಕೊಂಡು ತಿರುಗುವವರು. ತಿಂಗಳಿಗೊಮ್ಮೆ ಎಲ್ಲರನ್ನೂ ಸಭಾಂಗಣದಲ್ಲಿ ಕೂರಿಸಿ, ಗೊಂಚಲು ಕುಣಿಸುತ್ತಾ, “ಇಲ್ಲಿಯ ಒಂದೊಂದು ಸೀಟೂ ಈ ನೆರೆಹೊರೆಯದು. ಕದ್ದು ಕೂತವರನ್ನು ನಾನೇ ಹುಡುಕಿ ವಾಪಸು ಕಳಿಸುತ್ತೇನೆ, ಯಂಗ್ ಮ್ಯಾನ್,” ಎಂದು ಮೂಗಿನಲ್ಲಿ ಗುಡುಗುತ್ತಿದ್ದರು. ಎದುರಿಗಿದ್ದ ಅರ್ಧ ಜನ ಹುಡುಗಿಯರು. ಅವರಿಗೂ ಯಂಗ್ ಮ್ಯಾನ್. ನಾನು ನಮ್ಮ ಮನೆಯ ಚಮಚಗಳನ್ನು ಬೆಲ್ಟಿಗೆ ಕಟ್ಟಿಕೊಂಡು ಹುಡುಗರ ಬಾತ್‌ರೂಮಿನಲ್ಲಿ ಅದೇ ಭಾಷಣ ಮಾಡುತ್ತಿದ್ದೆ. ಕದ್ದು ಕೂತವನೇ ಕಳ್ಳರನ್ನು ಹಿಡಿಯುವ ಪಾರ್ಟು ಮಾಡಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ.

ವಸಂತದಲ್ಲಿ ನನ್ನ ಮುಂಜಿ ನಿಶ್ಚಯವಾಯಿತು. ಆಗ ಊರಲ್ಲಿ ಛತ್ರವೂ ಇಲ್ಲ, ದೇವಸ್ಥಾನವೂ ಇಲ್ಲ, ಅಪಾರ್ಟ್‌ಮೆಂಟಿನ ಸೋಫಾ ಎತ್ತಿ ಗೋಡೆಗೆ ನಿಲ್ಲಿಸಿದರೆ ಅದೇ ಮಂಟಪ. ಪತ್ರಿಕೆಯನ್ನು ಅಪ್ಪನೇ ಬರೆದು ಆಫೀಸಿನ ಜೆರಾಕ್ಸಿನಲ್ಲಿ ತೆಗೆಸಿದರು, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್. ಅಮ್ಮ ನಾಲ್ಕೂ ಮೂಲೆಗೆ ಅರಿಸಿನ ಹಚ್ಚಿದರು. ಕುಲದೇವರ ಹೆಸರಿನಿಂದ ಶುರುವಾಗಿ ‘ನಮ್ಮ ಸ್ವಗೃಹದಲ್ಲಿ’ ಎಂದು ಮುಗಿದು, ಅದರ ಕೆಳಗೆ ನಮ್ಮ ನಿಜವಾದ ಅಡ್ರೆಸ್ಸು. ಸ್ಕೂಲಿನ ಫಾರಮ್ಮಿನಲ್ಲಿ ಏನು ಬೇಕಾದರೂ ಬರೆಯಬಹುದು. ಮಂಗಳಪತ್ರಿಕೆಯಲ್ಲಿ ಸುಳ್ಳು ಬರೆಯಲಾಗುತ್ತದೆಯೇ?

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. “ಗುರುಗಳನ್ನ ಕರೀದೆ ಮುಂಜಿ ಮಾಡೋದೇನ್ರೀ? ಆ ಸ್ಕೂಲಿಗೆ ಇವನನ್ನ ಸೇರಿಸಿಕೊಂಡೋರು ಅವರು,” ಎಂದು ಅಮ್ಮ ಪಟ್ಟುಹಿಡಿದರು. ಕರೆಯುವುದೆಂದರೆ ಫೋನಿನಲ್ಲಲ್ಲ. ಶುಕ್ರವಾರ ಅಪ್ಪ ಸೂಟು, ಅಮ್ಮ ರೇಷ್ಮೆ ಸೀರೆಯ ಮೇಲೆ ಓವರ್‌ಕೋಟು ತೊಟ್ಟು, ಬೆಳ್ಳಿ ಕುಂಕುಮದ ಭರಣಿ ಹಿಡಿದು ಸ್ಕೂಲಿಗೆ ಬಂದರು. ನನ್ನನ್ನೂ ಕ್ಲಾಸಿನಿಂದ ಕರೆಸಿದರು. ಅಸಿಸ್ಟೆಂಟ್ ಪ್ರಿನ್ಸಿಪಾಲರ ಕೈಗೆ ಅಕ್ಷತೆಯ ಸಮೇತ ಪತ್ರಿಕೆ ಹೋಯಿತು. ಅವರು ಇಂಗ್ಲಿಷಿನ ಕಡೆ ತಿರುಗಿಸಿ, ಕನ್ನಡಕ ಏರಿಸಿ, ಓದುತ್ತಾ ಓದುತ್ತಾ ಕೆಳಗಿಳಿದರು. ಕೊನೆಯ ಸಾಲಿಗೆ ಬಂದಾಗ ಗೊಂಚಲು ನಿಂತಿತು.

ಅಪ್ಪನಿಗೆ ಆಗ ಹೊಳೆಯಿತು. ಮುಖ ಅರಿಸಿನಕ್ಕಿಂತ ಹಳದಿಯಾಯಿತು. ಅಮ್ಮನಿಗೆ ಹೊಳೆಯಲಿಲ್ಲ, ನಗುತ್ತಾ ನಿಂತಿದ್ದರು. ನಾನು ಮನಸ್ಸಿನಲ್ಲೇ ಪ್ಲೈವುಡ್ ಕಿಟಕಿಗಳನ್ನು ಎಣಿಸುತ್ತಿದ್ದೆ.

ಅವರು ಎದ್ದು ಬಾಗಿಲು ಮುಚ್ಚಿದರು. ಪತ್ರಿಕೆಯನ್ನು ಆ ಕೊನೆಯ ಸಾಲಿನ ಮೇಲೇ ಮಡಿಚಿದರು. “ಸರ್, ನೀವು ಇಂಜಿನಿಯರ್ ಅಲ್ಲವೇ? ನಿಮ್ಮಂಥ ಫ್ಯಾಮಿಲಿಗಳು ಈ ಸ್ಕೂಲಿಗೆ ಬೇಕು. ನಾನು ಪೂರ್ತಿ ಓದಲಿಲ್ಲ ಅಂದುಕೊಳ್ಳಿ,” ಎಂದರು. “ಐ ವುಡ್ ಲವ್ ಟು ಕಮ್.”

ಹೊರಗೆ ಬಂದಮೇಲೆ ಅಪ್ಪ, “ಎಂಥಾ ದೊಡ್ಡ ಮನುಷ್ಯ!” ಎಂದರು. ಅಮ್ಮ ಊಟದ ಎಲೆಗಳಿಗೆ ಒಂದನ್ನು ಸೇರಿಸಿದರು. “ಬರಲ್ಲಮ್ಮ ಅವರು. ಅಮೆರಿಕನ್ನರು ಹಾಗಂದರೆ ಬರಲ್ಲ ಅಂತ ಅರ್ಥ,” ಎಂದೆ, ದೊಡ್ಡ ಪಂಡಿತನ ಹಾಗೆ. ನನ್ನ ಆ ಪಾಂಡಿತ್ಯದಿಂದಾಗಿಯೇ ಮೂರನೇ ಮಹಡಿಗೆ ಹೋಗಿ, ಅವರನ್ನು ಕರೆದಿದ್ದೇವೆ ಎಂದು ಒಂದು ಮಾತು ಹೇಳಲಿಲ್ಲ. ಹೇಳಬೇಕಾಗಿತ್ತು, ಏಕೆಂದರೆ ಅಮ್ಮನ ತಲೆಯಲ್ಲಿ ಇನ್ನೊಂದು ಯೋಚನೆ ಹುಟ್ಟಿತ್ತು.

“ವಾದ್ಯ ಇಲ್ದೆ ಮುಂಜಿನಾ? ಮೇಲ್ಗಡೆ ಹುಡುಗಿ ಹತ್ರ ಓಲಗದ ಥರ ಒಂದಿದೆಯಲ್ಲ. ಊದಲಿ.”

ಹಾಗೆ ಶನಿವಾರ ಬೆಳಿಗ್ಗೆ ನಮ್ಮ ಮನೆಯ ರೇಡಿಯೇಟರ್ ಪಕ್ಕದಲ್ಲಿ ಚಾಪೆಯ ಮೇಲೆ ಅವಳು ಕೂತಳು, ಹಣೆಗೆ ಅಮ್ಮ ಇಟ್ಟ ಕುಂಕುಮ, ಮುಡಿಗೆ ಪ್ಲಾಸ್ಟಿಕ್ ಮಲ್ಲಿಗೆ. ಪೌರೋಹಿತ್ಯಕ್ಕೆ ನ್ಯೂಜೆರ್ಸಿಯಿಂದ ಬಂದಿದ್ದವರು ವಾರವೆಲ್ಲ ಪೇಂಟ್ ಕಂಪನಿಯಲ್ಲಿ ಕೆಮಿಸ್ಟು. ಹೋಮ ಅಲ್ಯೂಮಿನಿಯಂ ಟ್ರೇನಲ್ಲಿ. ನನ್ನ ತಲೆ ಬೋಳು, ಕೈಯಲ್ಲಿ ದಂಡದ ಬದಲು ಕರ್ಟನ್ ರಾಡು. “ಗಟ್ಟಿಮೇಳ!” ಎಂದು ಪುರೋಹಿತರು ಕೂಗಿದಾಗ ಅವಳು ಸ್ಕೂಲ್ ಬ್ಯಾಂಡಿನ ಮಾರ್ಚೊಂದನ್ನು ಎಷ್ಟು ಜೋರಾಗಿ ಊದಿದಳೆಂದರೆ ಧಾರವಾಡದ ಅಂಕಲ್, “ವ್ವಾ, ಏನ್ ಊದತಾಳ್ರೀ ಹುಡುಗಿ!” ಎಂದರು. ಆ ಹೊತ್ತಿಗೆ ಅವಳು ‘ಅವರು’ ಆಗಿರಲಿಲ್ಲ.

ಆಮೇಲೆ ಪುರೋಹಿತರು ವಟುವಿಗೆ ಹೇಳಬೇಕಾದ ವಿಧಿಗಳನ್ನೆಲ್ಲ ಒಂದೊಂದಾಗಿ ಹೇಳಿದರು. ಹಗಲು ನಿದ್ದೆ ಮಾಡಬೇಡ ಇತ್ಯಾದಿ. ಪ್ರತಿಯೊಂದಕ್ಕೂ ‘ಬಾಢಂ’, ಅಂದರೆ ಹಾಗೇ ಆಗಲಿ, ಎನ್ನಬೇಕು. ಕೊನೆಗೆ ತಮ್ಮದೂ ಒಂದನ್ನು ಸೇರಿಸಿದರು: “ಇನ್ಮೇಲೆ ಸುಳ್ಳು ಹೇಳ್ಬಾರ್ದು ಕಣಪ್ಪ.” ಅದಕ್ಕೂ ಬಾಢಂ ಎಂದೆ, ಪುರೋಹಿತರ ದನಿಯಲ್ಲೇ. ಎಲ್ಲರೂ ನಕ್ಕರು.

ಆರತಿಯ ಹೊತ್ತಿಗೆ ಮತ್ತೆ ಊದು ಎಂದು ಅಮ್ಮ ಸನ್ನೆ ಮಾಡಿದರು. ಅವಳು ಊದುತ್ತಿದ್ದಾಗ ಬಾಗಿಲಲ್ಲಿ ಗೊಂಚಲಿನ ಸದ್ದು. ಅಸಿಸ್ಟೆಂಟ್ ಪ್ರಿನ್ಸಿಪಾಲ್ ಶೂ ಬಿಚ್ಚಿ, ಹೆಬ್ಬೆರಳ ಹತ್ತಿರ ತೂತಾದ ಕಾಲುಚೀಲದಲ್ಲಿ ಒಳಗೆ ಬಂದರು. ವಾದ್ಯ ಅರ್ಧಕ್ಕೆ ನಿಂತಿತು. ಅವರು ಕ್ಲಾರಿನೆಟ್ ನೋಡಿದರು, ಅದರ ಪೆಟ್ಟಿಗೆಯ ಮೇಲೆ ಸ್ಕೂಲಿನ ಚೀಟಿ ನೋಡಿದರು, ಅವಳನ್ನು ನೋಡಿದರು. ಕೇಳಿದ್ದು ಮಾತ್ರ ನನ್ನನ್ನು.

“ಯಂಗ್ ಮ್ಯಾನ್, ಈ ಹುಡುಗಿ ಇದೇ ಕಟ್ಟಡದಲ್ಲಿರೋದಾ?”

ಅವಳು ನನ್ನನ್ನೇ ನೋಡುತ್ತಿದ್ದಳು. ನೆಲವನ್ನಲ್ಲ. ಅಜ್ಜಿ ಮನೆಯಿಂದ ಬಂದಿದ್ದಾಳೆ ಎಂದಿದ್ದರೆ ಸಾಕಿತ್ತು. ವಾರದಲ್ಲಿ ಮೂರು ದಿನ ಅದು ನಿಜವೂ ಹೌದು. ಸುಳ್ಳು ಹೇಳಬಾರದು ಎಂದು ಆಗಷ್ಟೇ ಮಾತು ಕೊಟ್ಟಿದ್ದೆನಲ್ಲ ಎಂದು ಈಗ ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಕಾರಣ ಅದಲ್ಲ. ನನ್ನ ಸುಳ್ಳನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡ ಮನುಷ್ಯ ಎದುರಿಗೆ ನಿಂತಿದ್ದ. ಅವನಿಗೆ ಇಷ್ಟವಾಗುವ ಹಾಗೆ ಉತ್ತರ ಹೇಳಬೇಕೆನಿಸಿತು, ಅಷ್ಟೇ.

“ಯೆಸ್ ಸರ್. ಥರ್ಡ್ ಫ್ಲೋರ್,” ಎಂದೆ. ಆ ವರ್ಷ ನಾನು ಹೇಳಿದ ಒಂದೇ ಒಂದು ನಿಜ ಅದು.

ಅವರು ತಲೆಯಾಡಿಸಿ ಊಟಕ್ಕೆ ಕೂತರು. ಎರಡು ಹೋಳಿಗೆ ತಿಂದು ಮೂರನೆಯದನ್ನು ಹಾಕಿಸಿಕೊಂಡರು.

ಸೋಮವಾರ ಕ್ಲಾರಿನೆಟ್ ಸ್ಕೂಲಿನ ಕಬೋರ್ಡಿನಲ್ಲಿತ್ತು. ಅವಳ ಸೀಟು ಖಾಲಿ. ಇನ್ನು ಅವಳಿಗೆ ನಮ್ಮ ಕಡೆಯ ಸ್ಕೂಲು, ಮಧ್ಯಾಹ್ನದ ಪಾಳಿ. ನನ್ನ ಸೀಟು ಇದ್ದ ಹಾಗೇ ಇತ್ತು. ಸಂಜೆ ಮನೆಯಲ್ಲಿ ಹೇಳಿದಾಗ ಅಪ್ಪ ಪೇಪರ್ ಮಡಿಚದೆ, “ರೂಲ್ಸ್ ಅಂದ್ಮೇಲೆ ರೂಲ್ಸಪ್ಪ, ಏನ್ ಮಾಡೋಕಾಗತ್ತೆ,” ಎಂದರು. ಅಮ್ಮ, “ಪಾಪ, ಎಷ್ಟು ಚೆನ್ನಾಗಿ ಊದಿದ್ಲು,” ಎನ್ನುತ್ತಾ ತಟ್ಟೆಗೆ ಉಳಿದಿದ್ದ ನಾಲ್ಕು ಹೋಳಿಗೆ ಹಾಕಿ, “ಕೊಟ್ಟು ಬಾ ಹೋಗು,” ಎಂದು ನನ್ನನ್ನು ಮೇಲಕ್ಕೆ ಕಳಿಸಿದರು.

ಅವಳೇ ಬಾಗಿಲು ತೆಗೆದಳು. ನನಗೆ ತಿಳಿದದ್ದನ್ನೇ ಮಾಡಿದೆ: ಸೊಂಟದ ಹತ್ತಿರ ಬೆರಳು ಕುಣಿಸಿ, ಮೂಗಿನಲ್ಲಿ, “ಯಂಗ್ ಮ್ಯಾನ್...”

ಅವಳು ನಗಲಿಲ್ಲ. “ಅವನದ್ದು ಸಾಕು. ಆ ಬೋಳುತಲೆ ಹುಡುಗನದು ಮಾಡು.”

“ಯಾವ ಹುಡುಗ?”

“ಮಾಡು.”

ಮಾಡಿದೆ. ಕರ್ಟನ್ ರಾಡು ಹಿಡಿದವನ ಹಾಗೆ ನೆಟ್ಟಗೆ ನಿಂತು, ಕತ್ತು ಮುಂದೆ ಚಾಚಿ, ಮೆಚ್ಚಿಸಲು ಹೊರಟ ಆ ತೆಳ್ಳಗಿನ ದನಿಯಲ್ಲಿ ಹೇಳಿದೆ. “ಯೆಸ್ ಸರ್. ಥರ್ಡ್ ಫ್ಲೋರ್.”

ಅವಳು ಪರೀಕ್ಷೆ ಮಾಡುವವಳ ಹಾಗೆ ಪೂರ್ತಿ ಕೇಳಿದಳು. “ಥೇಟ್ ಅವನೇ,” ಎಂದು ಬಾಗಿಲು ಹಾಕಿಕೊಂಡಳು.

ತಟ್ಟೆ ನನ್ನ ಕೈಯಲ್ಲೇ ಇತ್ತು. ಮೆಟ್ಟಿಲ ಮೇಲೆ ಕೂತು ನಾಲ್ಕು ಹೋಳಿಗೆಯನ್ನೂ ತಿಂದೆ. ಕೆಳಗೆ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದರು.

“ಇಷ್ಟ ಆಯ್ತಂತಾ ಅವರಿಗೆ?”

“ತುಂಬಾ,” ಎಂದೆ, ಅವರ ಕಣ್ಣನ್ನೇ ನೋಡುತ್ತಾ.