ಹಿಂಬದಿ ಲಂಗರಿನ ಚ್ಯೂ

ಸತ್ತ ಗೊಂಗ್ ದೆಶಾನನಿಗೆ ಧೂಪ ಹಚ್ಚಲು ಮಕ್ಕಳು ಯಾರೂ ಇರಲಿಲ್ಲ. ಚ್ಯೂ ವೆನ್‌ಕುಯ್ ಬದುಕಿದ್ದಷ್ಟು ಕಾಲ ಅವನನ್ನು ಒಳಗಿಂದ ತಿಂದದ್ದು ಇದೊಂದೇ. ಉಳಿದ ಕಷ್ಟಗಳು ಎಲ್ಲರಿಗೂ ಇದ್ದಂಥವು.

ಅವನ ಹೆಂಡತಿ ಲಾಯ್‌ಹೋಗೆ ಇದು ಬಹಳ ವರ್ಷ ಗೊತ್ತಿರಲಿಲ್ಲ. ಅವಳಿಗೆ ಕಂಡದ್ದು ಹಗ್ಗ. ಸಡಿಲವಾದ ಹಗ್ಗವನ್ನು ಅವನು ಸಹಿಸುತ್ತಿರಲಿಲ್ಲ. ಬಟ್ಟೆ ಒಣಹಾಕುವ ಹಗ್ಗ ಸ್ವಲ್ಪ ಜೋತುಬಿದ್ದರೂ ಊಟ ಬಿಟ್ಟು ಎದ್ದು ಹೋಗಿ ಬಿಗಿಯುತ್ತಿದ್ದ. ಬಿಗಿದ ಮೇಲೂ ಕೈ ಬಿಡುತ್ತಿರಲಿಲ್ಲ. ಹಗ್ಗ ಹಿಡಿದು, ಬೀದಿಯ ತುದಿ ನೋಡುತ್ತ ನಿಂತುಬಿಡುತ್ತಿದ್ದ. ಅನ್ನ ಆರಿ ಹೋಗುತ್ತಿತ್ತು.

ಪಕ್ಕದ ಮನೆಯವಳು ಗೋಡೆ ಮೇಲಿಂದ ಇಣುಕಿ ನಗುತ್ತಿದ್ದಳು. "ಏನೇ ಲಾಯ್‌ಹೋ, ನಿನ್ ಗಂಡ ಚಡ್ಡಿ ಒಣಗಿಸ್ತಾನೋ ಹಡಗು ಎಳೀತಾನೋ?"

ಅವಳು ತಮಾಷೆಗೆ ಹೇಳಿದ್ದು. ಆದರೆ ಅವನು ಎಳೆಯುತ್ತಿದ್ದದ್ದು ಹಡಗನ್ನೇ.

ಚ್ಯೂ ಹುಟ್ಟಿದ್ದು ಕಡಲಿನ ಆಚೆ ದಡದಲ್ಲಿ, ಶಾನ್‌ದೊಂಗ್‌ನ ಕಡಲ ಊರಿನಲ್ಲಿ. ಗೊಂಗ್‌ನದೂ ಅದೇ ಊರು. ಇಬ್ಬರೂ ಒಂದೇ ದೋಣಿಯಲ್ಲಿ ಮೀನು ಹಿಡಿಯುತ್ತಿದ್ದವರು. ಅಂತರ್ಯುದ್ಧದಲ್ಲಿ ಸೋತ ಸೈನ್ಯ ಹಡಗು ಹತ್ತಿ ತೈವಾನಿಗೆ ಹೊರಟಾಗ ದಾರಿಯಲ್ಲಿ ಸಿಕ್ಕ ಗಂಡಸರನ್ನೂ ಹತ್ತಿಸಿಕೊಂಡಿತು. ಇವರಿಬ್ಬರೂ ಸಿಕ್ಕರು. ಮನೆಯಲ್ಲಿ ಹೇಳಿ ಬರಲೂ ಬಿಡಲಿಲ್ಲ. ಗೊಂಗ್ ತಂದೆತಾಯಿಗೆ ಒಬ್ಬನೇ ಮಗ.

ಜ್ವೋಯಿಂಗ್ ಬಂದರಿನಲ್ಲಿ ಇಬ್ಬರನ್ನೂ ನೌಕಾಪಡೆಯ ಒಂದೇ ಹಡಗಿಗೆ ಹಾಕಿದರು. ಆ ಬಂದರಿನ ಮಗ್ಗುಲಿನ ಕೇರಿಯಲ್ಲಿ ಲಾಯ್‌ಹೋ ಸಿಂಪಿ ಬಿಡಿಸುತ್ತಿದ್ದಳು. ಶಾಲೆಯ ಮುಖ ಕಂಡವಳಲ್ಲ. ಚ್ಯೂ ಬಂದು ಸಿಂಪಿ ಕೊಳ್ಳುತ್ತಿದ್ದ, ಬೆರಳು ತೋರಿಸುತ್ತಿದ್ದ, ಹೋಗುತ್ತಿದ್ದ. ಅವನ ಮಾತು ಇವಳಿಗೆ ಬಾರದು, ಇವಳದು ಅವನಿಗೆ ಬಾರದು. ಗೊಂಗ್ ಮಾತ್ರ ಸಂತೆಯಲ್ಲಿ ತಿರುಗಿ ತಿರುಗಿ ಕೇರಿಯ ಮಾತು ಕಲಿತುಬಿಟ್ಟಿದ್ದ. ಹೆಣ್ಣು ಕೇಳಲು ಬಂದವನೂ ಅವನೇ.

"ಇವನು ಕುಡಿಯಲ್ಲ, ಜೂಜಾಡಲ್ಲ, ಮಾತೂ ಆಡಲ್ಲ," ಎಂದು ಅವಳ ಅಪ್ಪನಿಗೆ ಹೇಳಿದ. "ಇನ್ನೇನು ಬೇಕು ಮಾವ?"

ಅಪ್ಪ ಆಚೆಯವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಕೂತಿದ್ದವನು ನಕ್ಕುಬಿಟ್ಟ. ಅಲ್ಲಿಗೆ ಮದುವೆಯಾಯಿತು.

ಮೊದಲ ವರ್ಷ ಗಂಡಹೆಂಡಿರ ಜಗಳವೂ ಗೊಂಗ್ ಬಂದ ಮೇಲೆಯೇ ನಡೆಯುತ್ತಿತ್ತು. ಅವನು ಇಬ್ಬರ ನಡುವೆ ಮಣೆ ಹಾಕಿಕೊಂಡು ಕೂತು, ಹುರಿದ ಕಡಲೆಕಾಯಿ ಬಿಡಿಸಿ ತಿನ್ನುತ್ತ, ಈ ಕಡೆಯದನ್ನು ಆ ಕಡೆಗೆ ದಾಟಿಸುತ್ತಿದ್ದ. ದಾಟಿಸುವಾಗ ಮಾತಿನ ಕಲ್ಲು ಆರಿಸಿ ಬಿಸಾಡುತ್ತಿದ್ದ. ಚ್ಯೂ ಹಬೆಯಲ್ಲಿ ಬೇಯಿಸಿದ ಗೋಧಿ ಉಂಡೆ ತಿಂದರೆ ನನ್ನ ಹಲ್ಲು ಹೋಗುತ್ತದೆ ಎಂದು ಒಮ್ಮೆ ಅವಳು ಕೂಗಾಡಿದಳು. ಗೊಂಗ್ ದಾಟಿಸಿದ್ದನ್ನು ಕೇಳಿ ಗಂಡ ಕಿವಿಯವರೆಗೆ ಕೆಂಪಾಗಿ ನಕ್ಕ. ಏನು ಹೇಳಿದೆ ಎಂದು ಅವಳು ಗೊಂಗ್‌ನನ್ನು ಕೇಳಿದಳು.

"ಉಂಡೆ ಗಟ್ಟಿ, ಮನಸ್ಸು ಮೆತ್ತಗೆ ಅಂತ ಹೇಳ್ದೆ ಅತ್ತಿಗೆ. ಸುಳ್ಳಾ?"

ಅವಳು ಅವನ ಮೇಲೆ ಸಿಂಪಿ ಚಿಪ್ಪು ಎಸೆದಳು.

ಅವರದು ದಡ ಹತ್ತುವ ಹಡಗು. ದೊಡ್ಡದಲ್ಲ, ಚಿಕ್ಕದೂ ಅಲ್ಲ. ಅಮೆರಿಕದವರು ತಮ್ಮ ಯುದ್ಧ ಮುಗಿಸಿ ಬಿಟ್ಟುಹೋದದ್ದು. ತಳ ಚಪ್ಪಟೆ, ಹೊಟ್ಟೆಯ ಮೇಲೆ ಚಾವಣಿ ಇಲ್ಲ, ಮೂತಿಯಲ್ಲಿ ಎರಡು ಬಾಗಿಲು. ಅದು ನೇರ ಮರಳಿಗೆ ನುಗ್ಗಿ ನಿಲ್ಲುತ್ತದೆ. ಬಾಗಿಲು ತೆರೆದು ಹಲಗೆ ಇಳಿಸುತ್ತಾರೆ. ಸರಕು ಇಳಿದ ಮೇಲೆ ಮತ್ತೆ ನೀರಿಗೆ ಹೋಗಬೇಕಲ್ಲ? ಅದಕ್ಕೇ ದಡ ಇನ್ನೂ ದೂರವಿರುವಾಗ ಹಿಂಬದಿಯಿಂದ ಒಂದು ಲಂಗರು ಬಿಟ್ಟು ಬರುತ್ತಾರೆ. ಅದರ ಉಕ್ಕಿನ ಹಗ್ಗವನ್ನು ಯಂತ್ರದ ರಾಟೆಗೆ ಸುತ್ತುತ್ತ ಹಡಗನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಆ ರಾಟೆ ಚ್ಯೂನದು. ಮೂತಿಯ ಹಲಗೆ ಗೊಂಗ್‌ನದು. ಹಲಗೆಯವನು ಎಲ್ಲರೂ ಒಳಗಿದ್ದಾರೆ ಎಂದು ಬಾವುಟ ಎತ್ತಬೇಕು, ಆಮೇಲೆ ರಾಟೆಯವನು ಎಳೆಯಬೇಕು. ಕಟ್ಟಳೆ ಅದು.

ಆದರೆ ರಾಟೆಯವರಿಗೆಲ್ಲ ಒಂದು ಚಾಳಿ ಇತ್ತು. ಅಲೆಗೆ ಹಡಗು ಮೇಲೆದ್ದಾಗ ಹಗ್ಗ ಸಡಿಲುತ್ತದೆ. ಸಡಿಲ ಹಗ್ಗ ಹೋಗಿ ನೀರೊಳಗೆ ತಿರುಗಿ ಹಡಗು ನಡೆಸುವ ರೆಕ್ಕೆಗೆ ಸುತ್ತಿಕೊಂಡರೆ ಹಡಗು ಅಲ್ಲೇ ಸಾಯುತ್ತದೆ. ಅದಕ್ಕೆ ಯಾರ ಬಾವುಟಕ್ಕೂ ಕಾಯದೆ ಆಗಾಗ ಒಂದೊಂದು ಸುತ್ತು ಎಳೆದುಕೊಳ್ಳುತ್ತಿದ್ದರು. ಕಣ್ಣು ಹಗ್ಗದ ಮೇಲೆ, ಮೂತಿಯ ಮೇಲಲ್ಲ.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಆಚೆ ದಡದವರು ಕಿನ್‌ಮೆನ್ ದ್ವೀಪದ ಮೇಲೆ ಗುಂಡು ಸುರಿಯತೊಡಗಿದರು. ದ್ವೀಪದಲ್ಲಿದ್ದ ತೈವಾನಿನ ಸೈನಿಕರಿಗೆ ಅಕ್ಕಿ, ಮದ್ದು ಈ ಹಡಗುಗಳೇ ಒಯ್ಯಬೇಕಾಯಿತು. ಲಾಯ್‌ಹೋಗೆ ಆಗ ಹೊಟ್ಟೆಯಲ್ಲಿ ಮೊದಲ ಮಗು. ಹಡಗು ಹೋಯಿತು, ಬಂತು. ಚ್ಯೂ ಒಬ್ಬನೇ ಮನೆಗೆ ಬಂದ. ಮಣೆಯನ್ನು ಗೋಡೆಗೆ ಒರಗಿಸಿಟ್ಟ. ಅವಳ ಮಾತಿನಲ್ಲಿ ಅವನಿಗೆ ಬರುತ್ತಿದ್ದ ನಾಲ್ಕು ಪದಗಳಲ್ಲಿ ಒಂದನ್ನು ಗೆಳೆಯನ ಹೆಸರಿಗೆ ಸೇರಿಸಿ ಹೇಳಿದ.

"ಗೊಂಗ್ ಇಲ್ಲ."

ಹೇಗೆ, ಎಲ್ಲಿ, ಯಾರು ನೋಡಿದರು ಎಂದು ಅವಳು ಕೇಳುತ್ತಲೇ ಹೋದಳು. ಕೇಳಿದ್ದನ್ನು ಆಚೆ ದಾಟಿಸುತ್ತಿದ್ದವನೇ ಇರಲಿಲ್ಲ. ಆ ವರ್ಷವೆಲ್ಲ ಮನೆಯಲ್ಲಿ ಮಾತೇ ಇರಲಿಲ್ಲ. ಚ್ಯೂಗೆ ಹಡಗು ಉಳಿಸಿದ್ದಕ್ಕೆ ಪದಕ ಕೊಟ್ಟರು. ಅದನ್ನು ಅವನು ಮಗುವಿಗೆ ಆಡಲು ಕೊಟ್ಟ.

ಇಬ್ಬರು ಗಂಡುಮಕ್ಕಳಾದರು, ಎರಡನೆಯವನು ಯುವಾನ್. ಗಂಡಹೆಂಡಿರು ಒಬ್ಬರ ಮಾತು ಒಬ್ಬರು ಕಲಿತರು. ನೌಕಾಪಡೆ ಬಿಟ್ಟ ಮೇಲೆ ಚ್ಯೂ ಹಡಗು ಒಡೆಯುವ ಅಂಗಳದಲ್ಲಿ ಕೆಲಸಕ್ಕೆ ಸೇರಿದ. ಲೋಕದ ಮುದಿ ಹಡಗುಗಳೆಲ್ಲ ಅಲ್ಲಿಗೆ ಸಾಯಲು ಬರುತ್ತಿದ್ದವು. ಒಂದು ದಿನ ಲಾಯ್‌ಹೋ ಊಟದ ಡಬ್ಬಿ ಹಿಡಿದು ಹೋದಾಗ ಅವನು ಜೊತೆಯವರ ನಡುವೆ ಇರಲಿಲ್ಲ. ಮೇಸ್ತ್ರಿ ಬೆರಳು ತೋರಿಸಿದ. ದಡ ಹತ್ತುವ ಹಡಗೊಂದು ಬಂದು ಬಿದ್ದಿತ್ತು. ಅವನ ಹಡಗಲ್ಲ, ಅದೇ ಜಾತಿಯದು. ಅದರ ಹಿಂಬದಿಯಲ್ಲಿ, ತುಕ್ಕು ಹಿಡಿದ ರಾಟೆಯ ಹಿಡಿ ಹಿಡಿದು ಚ್ಯೂ ನಿಂತಿದ್ದ. ಬೆಳಗಿನಿಂದ ಹೀಗೇ ಎಂದು ಮೇಸ್ತ್ರಿ ಗೊಣಗಿದ.

ಅವಳು ಹತ್ತಿ ಹೋಗಿ ಪಕ್ಕದಲ್ಲಿ ಕೂತಳು. ಅಂದು ಅವನು ಹೇಳಿದ. ಮರಳಿನ ಮೇಲೆ ಇದ್ದಾಗ ಗುಂಡು ಹತ್ತಿರ ಹತ್ತಿರ ಬೀಳುತ್ತಿತ್ತು. ಅಲೆ ಬಂತು, ಹಗ್ಗ ಸಡಿಲಿತು, ಕೈ ತಾನಾಗಿ ಎಳೆಯಿತು. ಒಂದೇ ಸುತ್ತು. ಅಷ್ಟಕ್ಕೇ ಹಡಗು ಮರಳು ಬಿಟ್ಟು ಹಿಂದಕ್ಕೆ ಜಾರಿತು. ಗಾಯವಾದ ಹಮಾಲಿಯೊಬ್ಬನನ್ನು ಒಳಗೆಳೆಯಲು ಗೊಂಗ್ ಹಲಗೆಯ ತುದಿಗೆ ಇಳಿದಿದ್ದ. ಹಲಗೆ ಅವನ ಕಾಲ ಕೆಳಗಿನಿಂದ ಸರಿದುಹೋಯಿತು, ಅವನು ನೀರಿಗೆ ಬಿದ್ದ. ಮರಳಿ ದಡಕ್ಕೆ ಹೋಗಲು ಕಪ್ತಾನ ಒಪ್ಪಲಿಲ್ಲ. ಹಡಗು ನಿಂತಿದ್ದ ಜಾಗದ ಮೇಲೆ ಮುಂದಿನ ಗುಂಡು ಬಿತ್ತು. ಎಳೆಯದಿದ್ದರೆ ಎಲ್ಲರೂ ಹೋಗುತ್ತಿದ್ದರು ಎಂದರು. ಇರಬಹುದು. ಬಾವುಟ ಮಾತ್ರ ಏಳಲಿಲ್ಲ.

ಅವಳು ಡಬ್ಬಿ ತೆರೆದು ಮುಂದಿಟ್ಟಳು. ಅವನು ಅದನ್ನು ನೋಡದೆ ಕೇಳಿದ.

"ಯುವಾನ್‌ನ ಅವನಿಗೆ ಕೊಡೋಣ ಲಾಯ್‌ಹೋ. ಹೆಸರು ಮಾತ್ರ. ಗೊಂಗ್ ಯುವಾನ್ ಅಂತ ಆಗ್ಲಿ. ಮನೇಲೇ ಇರ್ತಾನೆ, ನಮ್ಮ ಮಗನೇ. ಅವನಿಗೆ ಧೂಪ ಹಚ್ಚೋಕೆ ಒಬ್ಬ ಆದ ಹಾಗಾಯ್ತು."

ಹಾಗೆ ಕೊಡುವುದು ಆ ಕಡೆ ಹೊಸದಲ್ಲ. ವಂಶ ಇಲ್ಲದ ಮನೆಗೆ ಎರಡನೆಯ ಮಗನ ಹೆಸರು ಕೊಟ್ಟವರು ಕೇರಿಯಲ್ಲೇ ಇದ್ದರು. ಆದರೆ ಅದೇ ಕೇರಿಯಲ್ಲಿ ಇನ್ನೊಂದು ನಂಬಿಕೆಯೂ ಇತ್ತು. ನೀರಿಗೆ ಹೋದವನು ಬದಲಿಗೆ ಒಬ್ಬನನ್ನು ಎಳೆದುಕೊಳ್ಳದೆ ಬಿಡುಗಡೆ ಕಾಣುವುದಿಲ್ಲ.

"ಆಗಲ್ಲ," ಎಂದಳು. "ಅವನ ಹೆಸರು ಕಟ್ಟಿದ್ರೆ ನೀರು ನನ್ನ ಮಗನ್ನ ಕರೆಯುತ್ತೆ. ಎಳೆದೋರು ನೀವು. ಕೊಡೋದು ನನ್ನ ಮಗನ್ನಾ?"

ಆ ಮಾತು ಬಾಯಿಂದ ಬಂದ ಮೇಲೆ ವಾಪಸ್ ತೆಗೆದುಕೊಳ್ಳಲಾಗಲಿಲ್ಲ. ಅವನು ಊಟ ಮುಗಿಸಿದ, ಡಬ್ಬಿ ತೊಳೆದು ಕೊಟ್ಟ. ಮತ್ತೆ ಯಾವತ್ತೂ ಕೇಳಲಿಲ್ಲ.

ಯುವಾನ್‌ನನ್ನು ಅವಳು ಕಡಲ ಹತ್ತಿರ ಬಿಡಲಿಲ್ಲ. ಈಜು ಕಲಿಸಲಿಲ್ಲ. ಅವನು ಒಳನಾಡಿನ ಸಕ್ಕರೆ ಕಾರ್ಖಾನೆಗೆ ಕೆಲಸಕ್ಕೆ ಹೋದಾಗ ಮೊದಲ ಸಲ ನೆಮ್ಮದಿಯಿಂದ ಮಲಗಿದಳು.

ವರ್ಷದ ಏಳನೆಯ ತಿಂಗಳಲ್ಲಿ ಬೀದಿಗೆ ಮೇಜು ಹಾಕಿ ದಿಕ್ಕಿಲ್ಲದ ಸತ್ತವರಿಗೆಲ್ಲ ಬಡಿಸುತ್ತಾರೆ. ಸ್ವಂತದವರು ಒಳಗೆ ಉಣ್ಣುತ್ತಾರೆ, ಅನಾಥರು ಬೀದಿಯಲ್ಲಿ. ಚ್ಯೂ ಪ್ರತಿ ವರ್ಷ ಬೀದಿಯ ಮೇಜಿನ ಮೂಲೆಗೆ ಹುರಿದ ಕಡಲೆಕಾಯಿ ತಟ್ಟೆ ಇಡುತ್ತಿದ್ದ. ಭಿಕ್ಷುಕರ ಸಾಲಿನಲ್ಲಿ ಗೆಳೆಯನನ್ನು ಕೂರಿಸಿ ಬಂದು, ತಾನು ಒಳಗೆ ಊಟಕ್ಕೆ ಕೂರುತ್ತಿರಲಿಲ್ಲ. ತಟ್ಟೆ ಎತ್ತುತ್ತಿದ್ದವಳು ಲಾಯ್‌ಹೋ. ಕಡಲೆಕಾಯಿ ಒದ್ದೆಯಾಗಿರುತ್ತಿತ್ತು, ನೆಕ್ಕಿದರೆ ಉಪ್ಪು. ಇಬ್ಬನಿ ಎಂದುಕೊಳ್ಳುತ್ತಿದ್ದಳು. ನಡುಮಧ್ಯಾಹ್ನ ಎಲ್ಲಿಯ ಇಬ್ಬನಿ?

ಯಾರಿಗೂ ಹೇಳಲಿಲ್ಲ. ಸಿಂಪಿ ಬಿಡಿಸುವಾಗ ಬೆನ್ನ ಹಿಂದೆ ಯಾರೋ ಅತ್ತಿಗೆ ಎಂದಂತಾಗುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ. ತಿರುಗಿದರೆ ಮಗನನ್ನು ಕೇಳುತ್ತಾನೆ.

ಚ್ಯೂನ ಎದೆ ಕೆಟ್ಟಿತು. ಹಡಗು ಒಡೆಯುವಾಗ ಕುಡಿದ ಧೂಳು ಎಂದರು ವೈದ್ಯರು. ಕೊನೆಕೊನೆಗೆ ಹಾಸಿಗೆಯಲ್ಲಿ ಮಲಗಿದಲ್ಲೇ ಅವನ ಬಲಗೈ ಏನನ್ನೋ ತಡಕುತ್ತಿತ್ತು. ಒಂದು ಬೆಳಗ್ಗೆ ಕಣ್ಣು ಬಿಟ್ಟು ಕೇಳಿದ.

"ಮುಂದಿಂದ ಬಾವುಟ ಎತ್ತಿದ್ರಾ?"

ಎತ್ತಿದರು ಅಂದರೆ ಹೋಗಿಬಿಡುತ್ತಾನೆ ಎಂದು ಅವಳಿಗೆ ಗೊತ್ತಾಯಿತು. "ಇನ್ನೂ ಇಲ್ಲ," ಎಂದಳು. "ತಾಳಿ."

ಅವನು ತಾಳಿದ. ಬಹಳ ನೋವಿನಲ್ಲಿ ತಾಳಿದ. ಆಮೇಲೆ ಯಾರನ್ನೂ ಕೇಳದೆ ಹೋದ.

ಸೂತಕ ಕಳೆದ ಮೇಲೆ ಅವಳು ಯುವಾನ್‌ನನ್ನು ಕರೆಸಿ ಎಲ್ಲ ಹೇಳಿದಳು. ಅವನ ತಲೆ ಆಗಲೇ ಅರ್ಧ ನರೆತಿತ್ತು.

"ಅಮ್ಮಾ, ನನ್ನ ಮಗಳ ಮದುವೆ ಗೊತ್ತಾಗಿದೆ," ಎಂದ. "ಈಗ ನಾನು ಬೇರೆ ಮನೆತನದೋನು ಅಂದ್ರೆ ಬೀಗರು ಓಡಿಹೋಗ್ತಾರೆ. ಚ್ಯೂ ಆಗಿದ್ಕೊಂಡೇ ಧೂಪ ಹಚ್ತೀನಿ. ಚಿಕ್ಕಪ್ಪ ಅಂತ. ಆಗಲ್ವಾ?"

ಅದನ್ನು ಸತ್ತ ಗೊಂಗ್‌ನನ್ನೇ ಕೇಳಬೇಕಿತ್ತು; ಅವನಿಗೆಂದು ಪೂಜೆಯ ಹಲಗೆ ಇರಲಿಲ್ಲ. ಚ್ಯೂನ ಹೆಸರು ಬರೆದ ಪೂಜೆಯ ಹಲಗೆಯ ಮುಂದೆ ಯುವಾನ್ ಮೊಣಕಾಲೂರಿ, ಅರ್ಧಚಂದ್ರದಂಥ ಎರಡು ಮರದ ಬಿಲ್ಲೆಗಳನ್ನು ನೆಲಕ್ಕೆ ಹಾಕಿದ. ಒಂದು ಕವುಚಿ ಒಂದು ಅಂಗಾತ ಬಿದ್ದರೆ ಒಪ್ಪಿಗೆ. ಎರಡೂ ಕವುಚಿ ಬಿದ್ದವು. ಮತ್ತೆ ಹಾಕಿದ. ಕವುಚಿದವು. ಚಿಕ್ಕಪ್ಪ, ದಯವಿಟ್ಟು ಎಂದು ಬೇಡಿ ಮತ್ತೆ ಹಾಕಿದ. ಒಪ್ಪಲಿಲ್ಲ.

ಲಾಯ್‌ಹೋ ಅವನ ಕೈಯಿಂದ ಬಿಲ್ಲೆ ತೆಗೆದುಕೊಂಡಳು. ಅವಳಿಗೆ ಮೊಣಕಾಲು ಮಡಚಲು ಬರುತ್ತಿರಲಿಲ್ಲ, ನಿಂತೇ ಕೇಳಿದಳು.

"ಗೊಂಗ್, ಎಳೆದೋನ ಮೇಲೆ ಸಿಟ್ಟಾ?"

ಎರಡೂ ಕವುಚಿದವು. ಅಲ್ಲ.

"ನನ್ನ ಮೇಲಾ?"

ಒಂದು ಕವುಚಿತು. ಇನ್ನೊಂದು ಉರುಳಿ, ಅಲುಗಾಡಿ, ಅಂಗಾತ ನಿಂತಿತು.

"ಬಿಡಮ್ಮಾ," ಎಂದ ಯುವಾನ್. "ಅದು ಮರ."

ಅವಳು ಕಷ್ಟಪಟ್ಟು ಬಗ್ಗಿ ಬಿಲ್ಲೆ ಎತ್ತಿಕೊಂಡಳು.

"ಸಿಟ್ಟಿರ್ಲಿ," ಎಂದಳು, ಮಗನಿಗಲ್ಲ. "ಅವತ್ತೂ ಕೊಡ್ಲಿಲ್ಲ, ಇವತ್ತೂ ಕೊಡಲ್ಲ. ನಾನಿರೋ ತನಕ ಒಳಗೆ ಬಂದು ಕೂತ್ಕೋ. ಧೂಪ ನಾನೇ ಹಚ್ತೀನಿ. ಆಮೇಲಿಂದು ನಂಗೊತ್ತಿಲ್ಲ."

ಹೆಂಗಸಿನ ಧೂಪ, ಅದೂ ಬೇರೆ ಮನೆಯವಳದು, ಅವನ ವಂಶಕ್ಕೆ ಲೆಕ್ಕವಲ್ಲ ಎಂದು ಅವಳಿಗೆ ಗೊತ್ತಿತ್ತು. ಇದಕ್ಕೆ ಒಪ್ಪಿಗೆಯಾ ಎಂದು ಅವಳು ಬಿಲ್ಲೆ ಹಾಕಿ ಕೇಳಲಿಲ್ಲ. ಬೆಂಕಿಪೊಟ್ಟಣ ತರಲು ಒಳಗೆ ಹೋದಳು.