ಗೌಡರ ರಿವಾಲ್ವರ್ ಸಿಕ್ಕಿಕೊಂಡದ್ದು

ಹಸಿ ತೊಗಲಿನ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ಸವಣೂರಿನ ನಮ್ಮ ಮನೆಯ ಪಡಸಾಲೆ ನೆನಪಾಗುತ್ತದೆ. ಬೇರೆಯವರಿಗೆ ಅದು ನಾತ. ನನಗೆ ಅಬ್ಬಾನ ಮೈವಾಸನೆ. ಅಲ್ಲಿ ಕಿಟಕಿಯ ಬೆಳಕಿಗೆ ಕುಳಿತು ಅಬ್ಬಾ ಬೆಲ್ಟು, ಚೀಲ, ಲೈಸೆನ್ಸು ಇದ್ದವರ ರಿವಾಲ್ವರಿಗೆ ತೊಗಲಿನ ಒರೆ ಹೊಲಿಯುತ್ತಿದ್ದರು. ಆ ಮನೆ ಈಗಿಲ್ಲ, ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ನೀವೂ ಇಂಥದೊಂದು ಮನೆ ಕಳೆದುಕೊಂಡವರಾದರೆ, ಅಂಗಡಿಯ ಮುಂದೆ ಸುಮ್ಮನೆ ನಿಂತು, "ಏನ್ ಬೇಕ್ರಿ?" ಎಂದು ಅಂಗಡಿಯವ ಕೇಳಿದಾಗ ತಬ್ಬಿಬ್ಬಾಗುವುದು ನಿಮಗೂ ಗೊತ್ತಿರುತ್ತದೆ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಹಿರೇಕೆರೂರು ಕಡೆಯ ಗೌಡರೊಬ್ಬರು ಒರೆ ಮಾಡಿಸಿಕೊಂಡು ಹೋಗಿದ್ದರು. ವಾರದೊಳಗೆ ಕೆಂಡವಾಗಿ ವಾಪಸು ಬಂದರು. ಮಗಳ ಮದುವೆಯಲ್ಲಿ ಬೀಗರಿಗೆ ತೋರಿಸಲೆಂದು ಎಲ್ಲರೆದುರು ಸೊಂಟದ ಒರೆಯಿಂದ ರಿವಾಲ್ವರ್ ಎಳೆದರಂತೆ. ಅದು ಅಲುಗಲಿಲ್ಲ. ಎರಡೂ ಕೈ ಹಾಕಿ ಜಗ್ಗಿದರಂತೆ.

"ರಿವಾಲ್ವರ್ ಬರ್ಲಿಲ್ರಿ ಉಸ್ತಾದ್ರ, ಧೋತರ ಬಂತು!"

ಒಳಗೆ ಅಮ್ಮಿ ರೊಟ್ಟಿ ಬಡಿಯುವ ಸದ್ದು ಗಕ್ಕನೆ ನಿಂತಿತು. ನಾನು ಫ್ರಾಕಿನ ಅಂಚು ಬಾಯಿಗೆ ತುರುಕಿಕೊಂಡೆ. ಅಬ್ಬಾ ಮಾತ್ರ ನಗಲಿಲ್ಲ. ಅವರು ಹೊಲಿದದ್ದು ಹೊಂದದೆ ವಾಪಸು ಬಂದದ್ದು ಅದೇ ಮೊದಲು. ಮುಖ ಸಣ್ಣದಾಗಿತ್ತು.

"ತಪ್ಪು ನಂದರಿ. ತೊಗಲು ನೆನಸಿ, ಒಳಗ ರಿವಾಲ್ವರ್ ಇಟ್ಟು ಒಣಗಸ್ಬೇಕು. ಆವಾಗ ಅದರ ಮೈ ಹಿಡಿತೈತಿ. ಇಟ್ಟು ಹೋಗ್ರಿ."

"ಇದನ್ನ ಬಿಟ್ಟು ಹೋದ್ರ ಪೊಲೀಸ್ರು ನನ್ನ ಒಳಗ ಹಾಕ್ತಾರ," ಎಂದ ಗೌಡರು ಗುಂಡು ತೆಗೆದು ಕಿಸೆಗೆ ಹಾಕಿಕೊಂಡು, ಮಂಚದ ಮೇಲೆ ಕಾವಲು ಕುಳಿತರು.

ಅಬ್ಬಾ ಒರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ರಿವಾಲ್ವರಿಗೆ ಪ್ಲಾಸ್ಟಿಕ್ ಸುತ್ತಿ ಒಳಗೆ ತಳ್ಳಿ, ಕೊಂಬಿನ ತುಂಡಿನಿಂದ ತೀಡಿ ತೀಡಿ ನೆರಳಿಗಿಟ್ಟರು. ಗೌಡರು ರೊಟ್ಟಿ, ಪುಂಡಿಪಲ್ಯ ಉಂಡರು, ಚಹಾದ ಜೊತೆ ಸವಣೂರಿನ ಕುರುಕಲು ಖಾರ ಮೆದ್ದರು, ಗೊರಕೆ ಹೊಡೆದರು. ಒರೆ ಒಣಗಲಿಲ್ಲ. ಮರುದಿನವೂ ಇದ್ದರು. ನನ್ನಿಂದ ಏಳರ ಮಗ್ಗಿ ಹೇಳಿಸಿದರು, ಅಮ್ಮಿಯ ಕೋಳಿಗಳನ್ನು ಬೆಕ್ಕಿನಿಂದ ಕಾಯ್ದರು.

ಸಂಜೆ ರಿವಾಲ್ವರ್ ಬೆಣ್ಣೆಯಿಂದ ಕೂದಲು ತೆಗೆದಂತೆ ಹೊರಬಂತು. ಬೋರಲು ಹಿಡಿದು ಅಲ್ಲಾಡಿಸಿದರೂ ಬೀಳಲಿಲ್ಲ. ಗೌಡರು ಹತ್ತು ಸಲ ಎಳೆದು ಹತ್ತು ಸಲ ಸೇರಿಸಿದರು.

"ಸಾಕ್ರಿ ಗೌಡ್ರ, ಸಡಿಲಾಕ್ಕೈತಿ," ಎಂದು ಅಬ್ಬಾ ಆಗ ನಕ್ಕರು. ಎರಡು ದಿನ ತಡೆದ ನಗು ಒಮ್ಮೆಲೇ ಬಂದು, ಕೆಮ್ಮು ಹತ್ತಿ, ಗೌಡರೇ ಬೆನ್ನು ತಟ್ಟಬೇಕಾಯಿತು.

ಆಮೇಲೆ ಗೌಡರು ಯಾವ ಕೆಲಸವಿಲ್ಲದೆಯೂ ಬರತೊಡಗಿದರು. ಬಹಳ ವರ್ಷಗಳ ನಂತರ ಅಬ್ಬಾ ತೀರಿಕೊಂಡ ದಿನವೂ ಬಂದರು. ಖಬರಸ್ತಾನದಿಂದ ಮರಳಿದಾಗ ನಾನು ಕೈ ತೊಳೆಯಲು ನೀರು ತಂದೆ.

"ಇರ್ಲಿ ಬಿಡವಾ, ಇನ್ನೊಂದೀಟು ಹೊತ್ತು," ಎಂದು, ಅಬ್ಬಾನ ಮೇಲೆ ಹಾಕಿದ ಮಣ್ಣು ಮೆತ್ತಿದ್ದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಗೌಡರು ಕುಳಿತೇ ಇದ್ದರು.