ವೃತ್ತದೊಳಗಿನ ಅಕ್ಷರ

ನಮ್ಮ ದೊಡ್ಡಮ್ಮ ಗ್ರೀಟಿಂಗ್ ಕಾರ್ಡುಗಳಿಗೆ ಚಿತ್ರ ಬರೆಯುತ್ತಿದ್ದರು. ಊಟದ ಮೇಜೇ ಅವರ ಕಾರ್ಖಾನೆ. ಅವರ ಗುಬ್ಬಿಗಳೆಂದರೆ ಅಂಗಡಿಯವರಿಗೆ ಪಂಚಪ್ರಾಣ. ಗುಬ್ಬಿಯ ಕೊಕ್ಕಿನ ಹತ್ತಿರ ‘ಗುಬ್ಬಚ್ಚಿ’ ಎಂಬ ಹೆಸರು, ಪಕ್ಕದಲ್ಲೊಂದು ®. ಬಿಸ್ಕತ್ತಿನ ಡಬ್ಬಿಯ ಮೇಲೆ ನೋಡಿದ್ದರಂತೆ. ಚೆನ್ನಾಗಿ ಕಾಣುತ್ತದೆಂದು ತಾವೂ ಹಾಕಿದ್ದರು.

ಒಂದು ಸಂಜೆ ಕಾರ್ಡು ಕೊಳ್ಳಲು ಬಂದ ಎದುರುಮನೆಯ ವಕೀಲಮ್ಮ ಅದನ್ನೇ ದಿಟ್ಟಿಸಿದರು.

“ಅಕ್ಕಾ, ಈ ಹೆಸರು ರಿಜಿಸ್ಟರ್ ಮಾಡಿಸಿದೀರಾ?”

“ಇಲ್ಲಮ್ಮ, ಯಾಕೆ?”

“ನೋಂದಣಿ ಆಗದೆ ಈ ಆರ್ ಹಾಕಬಾರದು, ತಪ್ಪಾಗುತ್ತೆ. ಬೇಕಿದ್ರೆ ಟಿಎಂ ಹಾಕಿ. ಈ ಹೆಸರು ನಮ್ಮ ಸರಕಿನದು ಅಂತ ಹೇಳ್ಕೊಂಡ ಹಾಗೆ, ಅಷ್ಟೇ.”

ದೊಡ್ಡಮ್ಮನ ಮುಖ ಬಾಡಿತು. “ಹಾಗಾದ್ರೆ ಗುಬ್ಬೀನೂ ನನ್ನದಲ್ವಾ?”

“ಅಯ್ಯೋ, ಅದು ಬರೆದ ಕ್ಷಣದಿಂದಲೇ ನಿಮ್ಮದು! © ಹಾಕಿ ಹೆಸರು, ಇಸವಿ ಬರೆದ್ರೆ ನೋಡಿದವರಿಗೆ ಗೊತ್ತಾಗುತ್ತೆ. ಹಾಕದಿದ್ರೂ ಹಕ್ಕು ಎಲ್ಲಿಗೂ ಹೋಗಲ್ಲ.”

“ಗುಬ್ಬಿ ಅವಳದು, ಕೇಸು ಬಿದ್ರೆ ಕೋರ್ಟಿಗೆ ಅಲೆಯೋದು ಮಾತ್ರ ನನ್ನ ಪಾಲು,” ಎಂದರು ಅಲ್ಲೇ ಕೂತಿದ್ದ ದೊಡ್ಡಪ್ಪ.

ಆದರೆ ಅಚ್ಚಾಗಿ ಬಂದ ಕಾರ್ಡುಗಳು ಮಂಚದ ಕೆಳಗೆ ಕಟ್ಟುಕಟ್ಟಾಗಿ ಕೂತಿದ್ದವು. ಎಸೆಯಲು ಮನಸ್ಸು ಬರಲಿಲ್ಲ. ದೊಡ್ಡಮ್ಮ ತುಸು ಯೋಚಿಸಿ, ಕುಂಚವನ್ನು ಕೆಂಪು ಬಣ್ಣದಲ್ಲಿ ಅದ್ದಿ, ಆ ವೃತ್ತವನ್ನು ತುಂಬಿಸಿ ಒಂದು ತೊಟ್ಟು ಎಳೆದರು. ಗುಬ್ಬಿಯ ಮುಂದೆ ಹಣ್ಣೊಂದು ಬಿದ್ದಿತ್ತು!

ಮರುದಿನ ಅಮ್ಮ, ದೊಡ್ಡಪ್ಪ, ನಾನು ಎಲ್ಲರೂ ಮೇಜಿನ ಸುತ್ತ ಕೂತು ಹಣ್ಣು ಮಾಡಿದೆವು. ದೊಡ್ಡಪ್ಪನ ಹಣ್ಣುಗಳು ವೃತ್ತ ಮೀರಿ ಊದಿಕೊಳ್ಳುತ್ತಿದ್ದವು.

“ಕುಂಬಳಕಾಯಿ ತಿನ್ನೋ ಗುಬ್ಬಿ ಎಲ್ಲಾದ್ರೂ ಉಂಟೇನ್ರೀ?”

“ಹೊಟ್ಟೆ ತುಂಬ ತಿನ್ಲಿ ಬಿಡೇ, ಪಾಪ!”

ನಕ್ಕೂ ನಕ್ಕೂ ಅಮ್ಮನ ಕುಂಚ ಜಾರಿ, ಒಂದೆರಡು ಕಾರ್ಡು ಹಾಳಾದವು. ಆ ನಗು ಈಗಲೂ ಕಿವಿಯಲ್ಲಿದೆ. ಹಣ್ಣಿನ ಕಾರ್ಡುಗಳು ಬಿಸಿ ದೋಸೆಯಂತೆ ಖರ್ಚಾದವು. ಮುಂದಿನ ಅಚ್ಚಿನಲ್ಲಿ ಹೆಸರಿನ ಪಕ್ಕ ಟಿಎಂ, ಹಿಂಬದಿಯಲ್ಲಿ ©, ದೊಡ್ಡಮ್ಮನ ಹೆಸರು, ಇಸವಿ ಬಂದವು.

ವಕೀಲಮ್ಮನೇ ಮುಂದೆ ನಿಂತು ಹೆಸರಿನ ನೋಂದಣಿಗೂ ಅರ್ಜಿ ಹಾಕಿಸಿದರು. ಅದು ಆಮೆಯ ನಡಿಗೆ. ಕೊನೆಗೆ ಮಂಜೂರಾದ ದಿನ ವಕೀಲಮ್ಮ ಬರಿಗಾಲಲ್ಲೇ ರಸ್ತೆ ದಾಟಿ ಓಡಿಬಂದರು. ದೊಡ್ಡಮ್ಮ ಹೊಸ ಹಾಳೆ ತೆಗೆದು, ಹೆಸರಿನ ಪಕ್ಕ ®ಅನ್ನು ದುಂಡಗೆ ಬರೆದರು. ಬರೆದು, ಸೆರಗಿನಿಂದ ಕಣ್ಣೊರೆಸಿಕೊಂಡರು.

“ಅವರಿದ್ದಿದ್ರೆ ಇವತ್ತು ಊರಿಗೆಲ್ಲ ಸಾರ್ಕೊಂಡು ಬರ್ತಿದ್ರು ಕಣೇ,” ಎಂದರು.

ಅಮ್ಮ ಅವರ ಬೆನ್ನು ಸವರಿದಳು. ದೊಡ್ಡಪ್ಪ ತೀರಿಕೊಂಡು ಆಗಲೇ ವರ್ಷ ತುಂಬಿತ್ತು.